74ನೇ ದಿನ: ಫ್ರಿಜ್ಜಿನ ಚಳಿಗಾಲ ಮತ್ತು ನಿಂಬೆ ಚಿಟ್ಟೆ

ಮನೆಯಲ್ಲಿ ಸಾಕಿದ ನಿಂಬೆ ಚಿಟ್ಟೆ ಇವತ್ತು, ಜನವರಿ 31ರ ಬೆಳಿಗ್ಗೆ ಏಳೂವರೆಗೆ ಕೊನೆಗೂ ಹೊರಬಂತು. ನವೆಂಬರ್ 18ಕ್ಕೆ ಪ್ಯೂಪಾ (ಹುಳ ಚಿಟ್ಟೆಯಾಗುವ ಮುನ್ನ ಸಿಪ್ಪೆಯೊಳಗೆ ಕೂರುವ ಹಂತ) ಆದದ್ದು!

ಮೊಟ್ಟೆ ಹುಡುಕಿದ್ದು, ಹಕ್ಕಿ ಹಿಕ್ಕೆಯಂಥ ಮರಿಹುಳ ಹಸಿರಾದದ್ದು ಎಲ್ಲ ಹಿಂದೆಯೇ ಬರೆದಿದ್ದೇನೆ. ನರ್ಸರಿಯಿಂದ ತಂದ ನಿಂಬೆ ಗಿಡಕ್ಕೆ "ಕೀಟದ ಮದ್ದು ಹೊಡೆದೇ ಇಲ್ಲ" ಅಂದಿದ್ದರು. ಅದರ ಎಲೆ ತಿಂದ ನಾಲ್ಕು ಹುಳ ಒಂದೇ ರಾತ್ರಿಗೆ ಸತ್ತವು. ಮತ್ತೆ ಅಂಗಳದ ಕರಿಬೇವೇ ಗತಿ. ಏಳು ಪ್ಯೂಪಾಗಳಲ್ಲಿ ಐದು ಹತ್ತು ದಿನದೊಳಗೆ ಚಿಟ್ಟೆಯಾಗಿ ಅಡಿಕೆ ತೋಟದ ಕಡೆ ಹಾರಿದವು. ಎರಡು ಕೂತಲ್ಲೇ ಕೂತವು.

ಸತ್ತಿವೆಯಾ, ಮಲಗಿವೆಯಾ? ಮುಟ್ಟಿದರೆ ಅಲುಗಾಟವಿಲ್ಲ. ಪ್ಯೂಪಾವನ್ನು ಒಳಗಿಂದ ತಿಂದು ಹೊರಬರುವ ಪರಾವಲಂಬಿ ಕಣಜದ ತೂತೂ ಇಲ್ಲ. ತೂಕ ನೋಡೋಣ ಅಂತ ಚಿನ್ನದಂಗಡಿಯ ಥರದ ತಕ್ಕಡಿ ತರಿಸಿದೆ. ಬ್ಯಾಟರಿಯೇ ಇಲ್ಲ! ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಮೂರು ಅಂಗಡಿ ಹತ್ತಿ ಇಳಿದೆ. ಅಂತೂ ಎರಡು ಪ್ಯೂಪಾಗಳೂ ವಾರಕ್ಕೊಮ್ಮೆ ತೂಗಿದರೆ ತಲಾ 0.01 ಗ್ರಾಂ ಇಳಿಯುತ್ತಿದ್ದವು, ಅಷ್ಟೇ. ಸತ್ತದ್ದಾದರೆ ಬೇಗ ಒಣಗಬೇಕು. ಹಾಗಾದರೆ ನಿದ್ದೆ.

ಇಲ್ಲಿ ನಾನು ಜಾಸ್ತಿ ಓದಿ ಕೆಟ್ಟೆ. ಕೆನಡಾದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಒಂದು ಪತಂಗದ ಕಂಬಳಿಹುಳ ವರ್ಷಗಟ್ಟಲೆ ಹುಳವಾಗಿಯೇ ಇರುತ್ತದೆ. ಪ್ರತಿ ಚಳಿಗಾಲ ಹೆಪ್ಪುಗಟ್ಟುತ್ತದೆ. ಮೈಯಲ್ಲಿ ಗ್ಲಿಸರಾಲ್ ಅನ್ನುವ ಮಂದ ದ್ರವ ತುಂಬಿಕೊಂಡಿರುವುದರಿಂದ ಜೀವಕೋಶ ಒಡೆಯುವುದಿಲ್ಲ. ಅಮೆರಿಕದ ಕಪ್ಪು ಕರಡಿಯದ್ದು ಬೇರೆಯೇ ದಾರಿ. ಮೈ ಬಿಸಿ 30 ಡಿಗ್ರಿಗಿಂತ ಕೆಳಗಿಳಿಯಲು ಬಿಡುವುದಿಲ್ಲ, ಎದೆಬಡಿತವನ್ನು ಮಾತ್ರ ನಿಮಿಷಕ್ಕೆ 55ರಿಂದ 14ರ ಆಸುಪಾಸಿಗೆ ಇಳಿಸಿ, ಕೊಬ್ಬು ಕರಗಿಸುತ್ತಾ ಮಲಗುತ್ತದೆ. ಸರಿ, ನಮ್ಮದಕ್ಕೂ ಚಳಿ ಬೇಕು ಅಂದುಕೊಂಡೆ. 40ನೇ ದಿನ ಒಂದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ, ದೋಸೆ ಹಿಟ್ಟಿನ ಪಕ್ಕ. "ಹಿಟ್ಟಿನೊಳಗೆ ಹುಳ ಬಿದ್ದರೆ ನೀನೇ ತಿನ್ನು" ಅಂದರು ಅಮ್ಮ.

ಹನ್ನೊಂದು ದಿನಕ್ಕೆ 0.88 ಗ್ರಾಂ ಇದ್ದದ್ದು 0.61. ಬೆರಳಲ್ಲಿ ಹಿಡಿದರೆ ಒಣ ಕಡಲೆ ಸಿಪ್ಪೆ! ಫ್ರಿಜ್ಜು ತಂಪು ಕೊಡಲಿಲ್ಲ, ನೀರು ಹೀರಿತು.

ಆಮೇಲೆ ಹೊಳೆಯಿತು. ನಮ್ಮ ದರೋಜಿ ಕರಡಿಧಾಮದ ಕರಡಿ ಚಳಿಗಾಲದಲ್ಲಿ ಮಲಗುತ್ತದಾ? ಇಲ್ಲ. ಗೆದ್ದಲು ವರ್ಷವಿಡೀ ಸಿಗುವಾಗ ಯಾಕೆ ಮಲಗಬೇಕು? ನಮ್ಮಲ್ಲಿ ಹಿಮ ಇಲ್ಲ, ಇರುವುದು ಒಣಗಾಲ. ಕಾಯಬೇಕಾದದ್ದು ಚಿಗುರಿಗೆ, ಅದಕ್ಕೆ ಬೇಕಾದದ್ದು ಪಸೆ. ಉಳಿದ ಪ್ಯೂಪಾವನ್ನು ಬಚ್ಚಲಿನ ಕಿಟಕಿಗೆ ಸಾಗಿಸಿದೆ. ಕೆಳಗೆ ಒದ್ದೆ ಗೋಣಿ, ದಿನಕ್ಕೊಮ್ಮೆ ನೀರಿನ ಸಿಂಪಡಣೆ. ಬೂಷ್ಟು ಬರದ ಹಾಗೆ ಗಾಳಿ ಬಿಟ್ಟೆ.

ನಿನ್ನೆ ಸಂಜೆ ಕಂದು ಸಿಪ್ಪೆಯೊಳಗೆ ಹಳದಿ ಚುಕ್ಕೆ ಕಂಡಿತು. ಬೆಳಿಗ್ಗೆ ನೋಡಿದರೆ ಮುದುಡಿದ ರೆಕ್ಕೆ ಇಳಿಬಿಟ್ಟು ನೇತಾಡುತ್ತಿತ್ತು, ಗೋಣಿ ಮೇಲೆ ಒಂದು ಹನಿ ಕಂದು ನೀರು. ಗೋಣಿಯದ್ದೇ ಪವಾಡ ಅನ್ನುವ ಧೈರ್ಯ ನನಗಿಲ್ಲ. ಲೆಕ್ಕಕ್ಕೆ ಒಂದೇ ಪ್ಯೂಪಾ ಅಲ್ವಾ?

ಮುಂದಿನ ಸಲ ಹುಳಗಳಿಗೆ ಬಲ್ಬು ಹಾಕಿ ಹಗಲು ಉದ್ದ ಮಾಡುತ್ತೇನೆ. ಮಲಗಬೇಕೋ ಬೇಡವೋ ಅಂತ ಎಷ್ಟೋ ಜಾತಿಗಳು ಹುಳವಾಗಿರುವಾಗಲೇ ಹಗಲಿನ ಉದ್ದ ನೋಡಿ ತೀರ್ಮಾನಿಸುತ್ತವೆ. ನಮ್ಮಲ್ಲಿ ಡಿಸೆಂಬರ್‌ಗೂ ಜೂನ್‌ಗೂ ಹಗಲಿನ ವ್ಯತ್ಯಾಸ ಒಂದೂವರೆ ಗಂಟೆಯೂ ಇಲ್ಲ, ಅದನ್ನೂ ಲೆಕ್ಕ ಇಡುತ್ತವಾ ನೋಡಬೇಕು. ಅಷ್ಟರಲ್ಲಿ ಬೇಲಿ ಬದಿಗೆ ಎರಡು ಮುಳ್ಳಿಲಂ ಸಸಿ ನೆಡುತ್ತೇನೆ. 2018ರಲ್ಲಿ ಕೇರಳದ ರಾಜ್ಯ ಚಿಟ್ಟೆಯಾದ ಬುದ್ಧ ಮಯೂರಿ ಮೊಟ್ಟೆ ಇಡುವುದು ಅದರ ಮೇಲೆ. ಸಸಿಯನ್ನು ಮಾತ್ರ ಆ ನರ್ಸರಿಯಿಂದ ತರುವುದಿಲ್ಲ.