ನಿಧಾನದವರು ಮೊದಲು, ಚುರುಕಿನವರು ಕೊನೆಗೆ

ಜನವರಿ ಬಂತೆಂದರೆ ಕುಶಾಲನಗರದ ನಮ್ಮ ಗೋದಾಮಿನಲ್ಲಿ ಆಳಿನ ಲೆಕ್ಕ ಏರುಪೇರು. ರೋಬಸ್ಟಾ ಕಾಫಿಯ ಕೊಯ್ಲು ಶುರುವಾಗಿ ಅರ್ಧ ಜನ ತೋಟಕ್ಕೆ ಹೊರಡುತ್ತಾರೆ. ಅಲ್ಲಿ ಕಿಲೋ ಲೆಕ್ಕದ ಕೂಲಿ, ಹೋಗಬೇಡಿ ಅನ್ನೋಕೆ ನಾನ್ಯಾರು? ಇತ್ತ ಕಾಫಿಪುಡಿ, ಕರಿಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿರಸ) ಆರ್ಡರ್‌ಗಳು ಬರುತ್ತಲೇ ಇರುತ್ತವೆ.

ಮೊದಲೆಲ್ಲ ಒಬ್ಬೊಬ್ಬರಿಗೆ ಇಂತಿಷ್ಟು ರ‍್ಯಾಕ್ ಅಂತ ಹಂಚಿಕೆ ಇತ್ತು. ಕಾಫಿಪುಡಿಯ ಹುಡುಗನಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ, ಏಲಕ್ಕಿ ಕಡೆಯವಳು ಕೈಕಟ್ಟಿ ನಿಂತಿರುತ್ತಿದ್ದಳು. ಒಬ್ಬರು ರಜೆ ಹಾಕಿದರೆ ಹಂಚಿಕೆಯೇ ಬುಡಮೇಲು.

ಈಗ ನಡೆಯುತ್ತಿರುವುದು ‘ಬಕೆಟ್ ಬ್ರಿಗೇಡ್’, ಅಂದರೆ ಕೆಲಸವನ್ನು ಕೈಯಿಂದ ಕೈಗೆ ದಾಟಿಸುವ ಸಾಲು. ಅಮೆರಿಕದ ಸಂಶೋಧಕರಾದ ಜಾನ್ ಬಾರ್ತೋಲ್ಡಿ, ಡೊನಾಲ್ಡ್ ಐಸೆನ್‌ಸ್ಟೈನ್ 1996ರಲ್ಲಿ ಇದರ ಗಣಿತ ಬಿಡಿಸಿ ಪ್ರಕಟಿಸಿದರು. ರ‍್ಯಾಕುಗಳ ಸಾಲಿನ ಕೊನೆಗೆ ಪ್ಯಾಕಿಂಗ್ ಟೇಬಲ್. ಒಬ್ಬೊಬ್ಬರೂ ಒಂದು ಆರ್ಡರಿನ ಕ್ರೇಟ್ ಹಿಡಿದು, ಸಾಮಾನು ಹಾಕಿಕೊಳ್ಳುತ್ತ ಅತ್ತ ಸಾಗುತ್ತಾರೆ. ಕೊನೆಯವನು ಕ್ರೇಟ್ ಟೇಬಲ್ ಮೇಲಿಟ್ಟವನೇ ವಾಪಸ್ ನಡೆದು, ಹಿಂದಿನವಳು ಎಲ್ಲಿದ್ದಾಳೋ ಅಲ್ಲೇ ಅವಳ ಕ್ರೇಟ್ ಇಸಿದುಕೊಳ್ಳುತ್ತಾನೆ. ಅವಳು ಹಿಂದೆ ಹೋಗಿ ಇನ್ನೊಬ್ಬರದ್ದು ಇಸಿದುಕೊಳ್ಳುತ್ತಾಳೆ. ಮೊದಲ ಜಾಗದವರು ಹೊಸ ಆರ್ಡರಿನ ಚೀಟಿ ಎತ್ತುತ್ತಾರೆ. ಯಾರೂ ಯಾರನ್ನೂ ದಾಟುವಂತಿಲ್ಲ. ನಿಧಾನದವರಿಂದ ಚುರುಕಿನವರ ಕಡೆಗೆ ನಿಲ್ಲಿಸಿದರೆ, ಯಾರ ಪಾಲಿಗೆ ಎಷ್ಟು ರ‍್ಯಾಕ್ ಎಂಬುದು ಸ್ವಲ್ಪ ಹೊತ್ತಿಗೆ ತಾನೇ ಒಂದು ಹದಕ್ಕೆ ಬರುತ್ತದೆ. ನಾಲ್ವರಿದ್ದರೂ ಸೈ, ಮೂವರಿದ್ದರೂ ಸೈ.

ಕಷ್ಟ ಇರುವುದು ನಿಲ್ಲಿಸುವುದರಲ್ಲೇ. “ಎಲ್ಲರಿಗಿಂತ ಹಳಬಳು ನಾನು, ನನ್ನನ್ಯಾಕೆ ಸಾರ್ ಹಿಂದೆ ನಿಲ್ಸಿದ್ರಿ?” ಅಂದರು ಒಬ್ಬ ಅಕ್ಕ. ಅವರ ಮಂಡಿನೋವಿನ ಮಾತನ್ನು ನಾನು ಎತ್ತಲಿಲ್ಲ. “ಚೀಟಿ ಸರಿಯಾಗಿ ಓದಿ ಶುರುಮಾಡೋರು ಬೇಕಲ್ಲ ಅಕ್ಕ” ಅಂದೆ. ಅದು ಸುಳ್ಳೂ ಅಲ್ಲ.

ಕೈ ಬದಲಾಗುವಲ್ಲೇ ಲೆಕ್ಕ ತಪ್ಪುವುದು. ಮೂರು ಪೊಟ್ಟಣ ಬೇಕಿದ್ದು ಎರಡು ಹಾಕಿರುವಾಗ ಕ್ರೇಟ್ ಕೊಡಬಾರದು. ಮೂರನೆಯದನ್ನೂ ಹಾಕಿ, ಚೀಟಿಯಲ್ಲಿ ಟಿಕ್ ಮಾಡಿಯೇ ಕೊಡಬೇಕು. ಒಂದೇ ಸಾಮಾನಿನ ಆರ್ಡರ್‌ಗಳನ್ನು ಈ ಸಾಲಿಗೆ ತರುವುದೇ ಇಲ್ಲ. ಕಾಲು ಕಿಲೋ ಕಾಫಿಪುಡಿ ಮಾತ್ರ ಕೇಳಿದವರ ಚೀಟಿಗಳನ್ನೆಲ್ಲ ಒಟ್ಟುಮಾಡಿ, ಒಬ್ಬ ಟ್ರಾಲಿ ತಳ್ಳಿಕೊಂಡು ಹೋಗಿ ಒಮ್ಮೆಗೇ ತರುತ್ತಾನೆ.

ಈಗ ಉಳಿದಿರುವ ತಕರಾರು ಆಫೀಸಿನದು. ಯಾರು ಎಷ್ಟು ಆರ್ಡರ್ ಮುಗಿಸಿದರು ಅಂತ ಅವರಿಗೆ ದಿನಾ ಪಟ್ಟಿ ಬೇಕು. ಒಂದೇ ಕ್ರೇಟಿಗೆ ನಾಲ್ಕು ಜನರ ಕೈ ತಾಗಿದ ಮೇಲೆ ಅದನ್ನು ಯಾರ ಹೆಸರಿಗೆ ಬರೆಯಲಿ? ಕೊಡೋದಾದರೆ ಭತ್ಯೆ ಇಡೀ ಗುಂಪಿಗೆ ಕೊಡಿ ಅಂತ ಪಟ್ಟು ಹಿಡಿದಿದ್ದೇನೆ.