ಬಾವುಟ ಬೀಸಿದ ದಿನ, ರೈಲು ಹತ್ತಿದ ದಿನ

ವಿಕಿಪೀಡಿಯದಲ್ಲಿ ಮೆಟ್ರೊ ಲೇಖನಗಳನ್ನು ನೋಡಿಕೊಳ್ಳುವವರಿಗೆ ಹೊಸ ಮಾರ್ಗ ಉದ್ಘಾಟನೆಯಾಗುವ ದಿನ ಕೈತುಂಬಾ ಕೆಲಸ. ಅಂಥ ಒಂದು ದಿನ ಒಬ್ಬ ಒಳ್ಳೆಯ ಸಂಪಾದಕರನ್ನು ನಾವೇ ಓಡಿಸಿಬಿಡುವುದರಲ್ಲಿದ್ದೆವು. ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಹಿಂದಿನ ರಾತ್ರಿಯೇ ಕೆಲಸ ಹಂಚಿಕೊಂಡಿದ್ದೆವು. ಒಬ್ಬರಿಗೆ ನಿಲ್ದಾಣಗಳ ಪಟ್ಟಿ, ಇನ್ನೊಬ್ಬರಿಗೆ ಇನ್ಫೋಬಾಕ್ಸ್ (ಲೇಖನದ ಪಕ್ಕದ ಮಾಹಿತಿ ಚೌಕ), ನನಗೆ ಮಾರ್ಗನಕ್ಷೆ. ಆ ನಕ್ಷೆ ಬರೆದ ಚಿತ್ರವಲ್ಲ, ಸಾಲುಸಾಲು ಕೋಡ್. ಪ್ರತಿ ನಿಲ್ದಾಣಕ್ಕೂ, ನಡುವಿನ ಹಳಿಗೂ ಒಂದೊಂದು ಐಕಾನ್. ಸಂಚಾರ ಇಲ್ಲದ ಮಾರ್ಗವಾದರೆ ಐಕಾನಿನ ಹೆಸರಲ್ಲಿ ‘ಇ’, ‘ಎಕ್ಸ್’ ಎಂಬ ಎರಡು ಅಕ್ಷರ ಇರುತ್ತವೆ, ಬಣ್ಣ ಮಸುಕಾಗಿರುತ್ತದೆ. ರೈಲು ಶುರುವಾದ ಮೇಲೆ ಆ ಅಕ್ಷರಗಳನ್ನು ಒಂದೊಂದೇ ಸಾಲಿನಿಂದ ತೆಗೆಯಬೇಕು. ಒಂದು ಸಾಲು ಬಿಟ್ಟರೂ ನಡುವೆ ಹಳಿ ಕಿತ್ತುಹೋದ ಹಾಗೆ ಕಾಣುತ್ತದೆ. ಮೊಬೈಲಿನಲ್ಲಿ ಈ ಕೆಲಸ ಮಾಡಿ ನೋಡಿ, ಗೊತ್ತಾಗುತ್ತದೆ!

ಬೆಳಿಗ್ಗೆ ಟಿವಿಯಲ್ಲಿ ಹಸಿರು ಬಾವುಟ ಬೀಸಿದರು. ಅದೇ ಗಳಿಗೆಯಲ್ಲಿ ಹೊಸ ಖಾತೆಯೊಂದು ಬಂದು ‘ನಿರ್ಮಾಣ ಹಂತದಲ್ಲಿದೆ’ ಅನ್ನುವುದನ್ನು ‘ಸಂಚಾರದಲ್ಲಿದೆ’ ಅಂತ ಬದಲಿಸಿತು, ಆ ದಿನದ ತಾರೀಖನ್ನೂ ಹಾಕಿತು. ನಮ್ಮವರೊಬ್ಬರು ರಿವರ್ಟ್ ಮಾಡಿದರು, ಅಂದರೆ ಮೊದಲಿದ್ದ ಹಾಗೇ ಮಾಡಿದರು. ಯಾಕಂದ್ರೆ ಜನರಿಗೆ ಟಿಕೆಟ್ ಕೊಡುವುದು ಮರುದಿನದಿಂದ ಅಂತ ಪತ್ರಿಕಾ ಪ್ರಕಟಣೆಯಲ್ಲೇ ಇತ್ತು. ಆ ಖಾತೆ ಮತ್ತೆ ಬದಲಿಸಿತು. ಮತ್ತೆ ರಿವರ್ಟ್. ಈ ಮಧ್ಯೆ ಇನ್ಯಾರೋ ನಕ್ಷೆಗೆ ಕೈ ಹಾಕಿ ಅರ್ಧ ಗಾಢ, ಅರ್ಧ ಮಸುಕು ಮಾಡಿ ಸೇವ್ ಮಾಡಿದರು. ಅಷ್ಟರಲ್ಲಿ ಪುಟ ಬದಲಾಗಿದ್ದರಿಂದ ನಾನು ಸೇವ್ ಒತ್ತಿದರೆ ಎಡಿಟ್ ಕಾನ್‌ಫ್ಲಿಕ್ಟ್. ಲೇಖನಕ್ಕೆ ಅತಿ ಹೆಚ್ಚು ಓದುಗರು ಬರುವ ದಿನ ಅದು. ಪುಟ ರಿಫ್ರೆಶ್ ಮಾಡಿದಾಗಲೆಲ್ಲ ಒಂದೊಂದು ಉತ್ತರ. ಒಮ್ಮೆ ರೈಲು ಓಡುತ್ತಿದೆ, ಇನ್ನೊಮ್ಮೆ ಇಲ್ಲ.

ಗುಂಪಿನಲ್ಲಿ ಎಲ್ಲರೂ ಆ ಖಾತೆಯದ್ದು ಕಿತಾಪತಿ ಅಂತಲೇ ತೀರ್ಮಾನಿಸಿದ್ದರು. ನನಗೂ ಹಾಗೇ ಅನ್ನಿಸಿತ್ತು. ಎಚ್ಚರಿಕೆ ಟೆಂಪ್ಲೇಟು, ಅಂದರೆ ಸಿದ್ಧ ಮಾದರಿಯ ಸಂದೇಶ, ಅಂಟಿಸಿ ಆಯಿತು, ಮುಂದಿನ ಹೆಜ್ಜೆ ಆ ಖಾತೆಯನ್ನು ಬ್ಲಾಕ್ ಮಾಡಿ ಅಂತ ಕೇಳುವುದು. ಆಗ ಲೇಖನದ ಚರ್ಚಾಪುಟದಲ್ಲಿ ಆ ಖಾತೆಯವರ ಉತ್ತರ ಕಂಡಿತು. ‘ನಾನು ಪ್ಲಾಟ್‌ಫಾರ್ಮಿನ ಹತ್ತಿರವೇ ನಿಂತಿದ್ದೇನೆ. ಜನ ತುಂಬಿದ ರೈಲು ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ನೀವ್ಯಾಕೆ ಅಳಿಸುತ್ತಿದ್ದೀರಿ?’ ಜೊತೆಗೆ ಒಂದು ಫೋಟೊ. ರೈಲಿನಲ್ಲಿ ಇದ್ದವರು ಆಹ್ವಾನಿತ ಅತಿಥಿಗಳು, ಅಷ್ಟೇ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ನಾವು ಹೇಳಿದ್ದೂ ಸುಳ್ಳಲ್ಲ. ಆದರೆ ಅದನ್ನು ಅವರಿಗೆ ಒಂದು ಸಾಲಿನಲ್ಲಿ ಬಿಡಿಸಿ ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಈ ಗೊಂದಲ ಹೊಸದೇನೂ ಅಲ್ಲ. ಜಗತ್ತಿನ ಮೊದಲ ಭೂಗತ ರೈಲು, ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯನ್ನೇ ನೋಡಿ. ಗಣ್ಯರ ಸವಾರಿ, ಔತಣ ಎಲ್ಲ 1863ರ ಜನವರಿ 9ಕ್ಕೆ. ಜನರು ಹತ್ತಿದ್ದು 10ಕ್ಕೆ. ದೆಹಲಿ ಮೆಟ್ರೊ ಉದ್ಘಾಟನೆ 2002ರ ಡಿಸೆಂಬರ್ 24, ಜನರಿಗೆ ಬಾಗಿಲು ತೆರೆದದ್ದು 25. ಬೆಂಗಳೂರಿನ ಹಳದಿ ಮಾರ್ಗದ್ದು 2025ರ ಆಗಸ್ಟ್ 10 ಮತ್ತು 11. ಇವೆಲ್ಲ ಒಂದು ದಿನದ ಅಂತರ. ಲಂಡನ್ನಿನ ಎಲಿಜಬೆತ್ ಮಾರ್ಗಕ್ಕೆ ರಾಣಿ ಬಂದದ್ದು 2022ರ ಮೇ 17ಕ್ಕೆ, ಪ್ರಯಾಣಿಕರ ಸಂಚಾರ ಶುರುವಾದದ್ದು 24ಕ್ಕೆ. ಬೀಜಿಂಗ್‌ನದ್ದಂತೂ ವರ್ಷಗಳ ಮಾತು. 1969ರ ಅಕ್ಟೋಬರ್ 1ಕ್ಕೆ ಶುರುವಾದರೂ ಸಾರ್ವಜನಿಕರನ್ನು ಬಿಟ್ಟುಕೊಂಡದ್ದು 1971ರಲ್ಲಿ. ಇಷ್ಟೆಲ್ಲ ಇದ್ದೂ ಇನ್ಫೋಬಾಕ್ಸಿನ ಟೆಂಪ್ಲೇಟಿನಲ್ಲಿ ‘ಆರಂಭ’ ಅಂತ ಇರುವುದು ಒಂದೇ ಖಾನೆ. ಜಗಳಕ್ಕೆ ನಾವೇ ಜಾಗ ಮಾಡಿಕೊಟ್ಟ ಹಾಗಲ್ವಾ?

ಒಂದು ದಿನ ಹಿಂದೆ ಮುಂದೆ ಆದರೆ ಏನೀಗ ಅಂತ ಕೇಳುವವರಿದ್ದಾರೆ. ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ. ಇಲ್ಲಿ ಹಾಕಿದ ತಾರೀಖನ್ನು ಬೇರೆ ಭಾಷೆಯ ವಿಕಿಗಳು ಎತ್ತಿಕೊಳ್ಳುತ್ತವೆ. ಪತ್ರಿಕೆಗಳೂ ಎತ್ತಿಕೊಳ್ಳುತ್ತವೆ. ಆಮೇಲೆ ಅದೇ ಪತ್ರಿಕೆಯ ಸುದ್ದಿಯನ್ನು ತಂದು ನಮ್ಮ ಲೇಖನಕ್ಕೆ ಉಲ್ಲೇಖವಾಗಿ ಕೊಡುತ್ತಾರೆ. ಆ ಸುತ್ತು ಒಮ್ಮೆ ಪೂರ್ತಿಯಾದರೆ ತಪ್ಪನ್ನು ಕೀಳುವುದು ಬಹಳ ಕಷ್ಟ.

ನಿಲ್ದಾಣಗಳ ಲೆಕ್ಕದ್ದೂ ಇದೇ ಕಥೆ. ನ್ಯೂಯಾರ್ಕ್ ಸಬ್‌ವೇಯ ನಿಲ್ದಾಣ 472 ಅನ್ನುತ್ತಾರೆ. ಒಳಗೊಳಗೇ ಜೋಡಿಸಿರುವ ನಿಲ್ದಾಣಗಳನ್ನು ಒಂದೇ ಅಂತ ಎಣಿಸಿದರೆ ಅದು ನಲವತ್ತಕ್ಕೂ ಜಾಸ್ತಿ ಇಳಿಯುತ್ತದೆ. ಎರಡೂ ಸರಿಯೇ. ಹೇಗೆ ಎಣಿಸಿದ್ದು ಅಂತ ಪಕ್ಕದಲ್ಲಿ ಬರೆಯಬೇಕು. ಸುಮ್ನೆ ಅಂಕಿ ಬದಲಿಸಿ ಹೋಗುವವರಿಂದಲೇ ತೊಂದರೆ.

ಆ ದಿನದ ನಂತರ ನಮ್ಮಲ್ಲಿ ಒಂದು ರೂಢಿ ಬಂದಿದೆ. ಇನ್ಫೋಬಾಕ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರು ಹತ್ತಿದ ದಿನ ಮಾತ್ರ. ಉದ್ಘಾಟನೆಯ ದಿನ ಇತಿಹಾಸ ವಿಭಾಗಕ್ಕೆ, ಅದರದ್ದೇ ಉಲ್ಲೇಖದ ಜೊತೆ. ನಕ್ಷೆಯನ್ನು ಒಬ್ಬರೇ ಮುಟ್ಟಬೇಕು, ಮುಟ್ಟುವ ಮೊದಲು ‘ಕೆಲಸ ನಡೆಯುತ್ತಿದೆ’ ಫಲಕ ಹಾಕಬೇಕು. ಹೊಸಬರಿಗೆ ಮೊದಲು ಕೈಯಾರೆ ಬರೆದ ಒಂದು ಮಾತು, ಟೆಂಪ್ಲೇಟು ಆಮೇಲೆ.

ಆ ಫೋಟೊ ಹಾಕಿದವರಿಗೆ ಅವತ್ತು ಮಧ್ಯಾಹ್ನ ವಿಷಯ ಬಿಡಿಸಿ ಬರೆದೆ. ಅರ್ಥ ಮಾಡಿಕೊಂಡರು, ಉಳಿದುಕೊಂಡರು. ಆ ಮಾರ್ಗದ ನಿಲ್ದಾಣಗಳ ಫೋಟೊಗಳಲ್ಲಿ ಹೆಚ್ಚಿನವು ಈಗ ಅವರು ತೆಗೆದವು. ‘ಉದ್ಘಾಟನೆ’ಗೆ ಬೇರೆ ಖಾನೆ ಬೇಕು ಅಂತ ಟೆಂಪ್ಲೇಟಿನ ಚರ್ಚಾಪುಟದಲ್ಲಿ ನಾವಿಬ್ಬರೂ ಸೇರಿ ಕೇಳಿದ್ದೇವೆ. ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಟೆಂಪ್ಲೇಟು ತಿದ್ದಲು ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಮ್ಮೆ ನೋಡಿ.