ಹಳೇ ಗಾಡಿಗೆ ಹೊಸ ಸ್ಟೀರಿಯೊ: ಮೂರು ಭಾನುವಾರದ ಕೆಲಸ

ಮೊದಲ ಭಾನುವಾರ

ವಾರಕ್ಕೆ ನಾಲ್ಕು ದಿನ ವಿಜಯಪುರದಿಂದ ಬಾಗಲಕೋಟೆಗೆ ಹೋಗಿ ಬರುತ್ತೇನೆ. ಫೋನ್ ಬಂದಾಗೆಲ್ಲ ಗಾಡಿ ಬದಿಗೆ ಹಾಕಬೇಕು. ಕೊಲ್ಹಾರದ ಸೇತುವೆ ಮೇಲೆ ಅದೂ ಆಗುವುದಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಓಡಿಸುವ ಮಾತೇ ಬೇಡ. 2019ರ ತಿದ್ದುಪಡಿ ಬಂದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅದನ್ನು ಅಪಾಯಕಾರಿ ಚಾಲನೆ ಎಂದೇ ಹೇಳುತ್ತದೆ. ಹಾಗಾಗಿ ಬ್ಲೂಟೂತ್ ಇರುವ ಸೆಟ್ ಹಾಕಿಸೋಣ ಅಂತ ತೀರ್ಮಾನ ಮಾಡಿದೆ.

ನಮ್ಮ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇರುವುದು ಸಿಂಗಲ್ ಡಿನ್ ಜಾಗ, ಅಂದರೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ದೊಡ್ಡ ಪರದೆಯ ಸೆಟ್ಟಿಗೆ ಇದರ ಎರಡು ಪಟ್ಟು ಎತ್ತರ ಬೇಕು, ಡ್ಯಾಶ್‌ಬೋರ್ಡ್ ಕೊಯ್ಯಬೇಕು. ನನಗೆ ಪರದೆ ಬೇಕಾಗಿಯೂ ಇರಲಿಲ್ಲ. ತಿರುಗಿಸುವ ಗುಂಡಿ ಇದ್ದರೆ ರಸ್ತೆ ಮೇಲಿನ ಕಣ್ಣು ತೆಗೆಯದೇ ಕೈಗೆ ಸಿಗುತ್ತದೆ, ಅಲ್ವಾ?

ಅಂಗಡಿಯಲ್ಲಿ ಎಲ್ಲ ಡಬ್ಬಿಗಳ ಮೇಲೂ ‘4 x 50 ವ್ಯಾಟ್’ ಎಂದಿತ್ತು. ಅದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ) ಎಂಬ ಸಾಲು ನೋಡಿದರೆ ಸುಮಾರು 20ರ ಆಸುಪಾಸು ಇರುತ್ತದೆ. ಸಣ್ಣ ಗಾಡಿಗೆ ಅಷ್ಟು ಸಾಕು. ನಾನು ಹುಡುಕಿದ್ದು ಬೇರೆ ಎರಡನ್ನು. ಒಂದು, ವೈರಿನ ಜೊತೆ ಹೊರಗೆ ಅಂಟಿಸುವ ಮೈಕ್. ಸೆಟ್ಟಿನ ಮುಖದೊಳಗೇ ಮೈಕ್ ಇದ್ದರೆ ಅದು ಗೇರಿನ ಸದ್ದನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ. ಎರಡು, ಮೀಡಿಯಂ ವೇವ್ ರೇಡಿಯೊ. ಅಪ್ಪನಿಗೆ ಧಾರವಾಡ ಆಕಾಶವಾಣಿ ಬೇಕೇ ಬೇಕು, ಅದು 765 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಹೊಸ ಸೆಟ್‌ಗಳಲ್ಲಿ ಬಹಳಷ್ಟು ಎಫ್‌ಎಂ ಮಾತ್ರ ಕೊಟ್ಟು ಇದನ್ನು ಕೈಬಿಟ್ಟಿವೆ. ನಾಲ್ಕು ಅಂಗಡಿ ಸುತ್ತಿದ ಮೇಲೆ ಎರಡೂ ಇರುವ, ಸಿಡಿ ಇಲ್ಲದ ಒಂದು ಸೆಟ್ ಸಿಕ್ಕಿತು.

ಎರಡನೇ ಭಾನುವಾರ

ಸೆಟ್ ಕೂತಿದೆ. ಆದರೆ ದಿನಾ ಬೆಳಿಗ್ಗೆ ಚಾವಿ ತಿರುಗಿಸಿದರೆ ಎಲ್ಲ ಮರೆತಿರುತ್ತಿತ್ತು. ಗಡಿಯಾರ ಸೊನ್ನೆಗೆ ಬಂದಿರುತ್ತಿತ್ತು, ಫೋನನ್ನು ಮತ್ತೆ ಜೋಡಿಸಬೇಕಿತ್ತು. ಹಾಕಿಕೊಟ್ಟವರು ಸೆಟ್ಟಿನಲ್ಲೇ ದೋಷ ಅಂದರು. ನನಗೆ ನಂಬಿಕೆ ಬರಲಿಲ್ಲ. ಇವತ್ತು ಸೆಟ್ ಹೊರಗೆ ಎಳೆದು, ಮಲ್ಟಿಮೀಟರ್ ಹಿಡಿದು ಕೂತೆ. ಸೆಟ್ಟಿನ ಹಳದಿ ವೈರಿಗೆ ಯಾವಾಗಲೂ 12 ವೋಲ್ಟ್ ಸಿಗಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಚಾವಿ ತಿರುಗಿಸಿದಾಗ ಮಾತ್ರ. ಚಾವಿ ತೆಗೆದು ಮುಟ್ಟಿಸಿದರೆ ಹಳದಿಯಲ್ಲಿ ಸೊನ್ನೆ, ಕೆಂಪಿನಲ್ಲಿ 12.4. ಎರಡೂ ಅದಲುಬದಲಾಗಿದ್ದವು! ಬ್ಯಾಟರಿ ತಂತಿ ಬಿಚ್ಚಿ, ಸರಿಯಾಗಿ ಜೋಡಿಸಿ, ಇನ್ಸುಲೇಶನ್ ಟೇಪ್ ಸುತ್ತಿದೆ. ಹದಿನೈದು ನಿಮಿಷದ ಕೆಲಸ.

ಧಾರವಾಡ ಮಾತ್ರ ಸಿಗಲಿಲ್ಲ. ಗುಂಡಿ ತಿರುಗಿಸಿದರೆ ಅಂಕಿ 750, 760, 770 ಎಂದು ಜಿಗಿಯುತ್ತಿತ್ತು. ಆಗ ಹೊಳೆಯಿತು. ನಮ್ಮಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಅಮೆರಿಕದಲ್ಲಿ 10. ಒಂಬತ್ತು ಎಂಬತ್ತೈದಲೆ 765, ಹತ್ತರ ಲೆಕ್ಕದಲ್ಲಿ ಅದು ಬರುವುದೇ ಇಲ್ಲ. ಮೆನುವಿನಲ್ಲಿ ರೇಡಿಯೊದ ಪ್ರದೇಶ ಬದಲಿಸಿದೆ. ಮೊದಲು ಸ್ವಲ್ಪ ಗರಗರ, ಆಮೇಲೆ ಧಾರವಾಡದ ದನಿ. ಪಕ್ಕದಲ್ಲಿ ಕೂತಿದ್ದ ಅಪ್ಪ “ಹಾಂ, ಇಲ್ಲೇ ಬಿಡು, ಇನ್ನ ತಿರಗಸಬ್ಯಾಡ” ಅಂದರು.

ಮೂರನೇ ಭಾನುವಾರ

ಮೈಕ್ ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿತು. ಮೊದಲು ಎಸಿ ಗಾಳಿ ಬರುವ ಕಿಂಡಿಯ ಪಕ್ಕ ಅಂಟಿಸಿದ್ದೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅವನು ಮನೆಗೆ ಫೋನ್ ಹಚ್ಚಿದ. “ಯಾಕೋ, ಬಾವ್ಯಾಗ ನಿಂತು ಮಾತಾಡ್ದಂಗ ಕೇಳಸ್ಲಿಕತ್ತದ” ಅಂದಳು ಅವ್ವ. ಆಮೇಲೆ ಸ್ಟೀರಿಂಗ್ ಹಿಂದೆ ಅಂಟಿಸಿದೆ. ಮಾತು ಸ್ಪಷ್ಟವಾಯಿತು, ಆದರೆ ಇಂಡಿಕೇಟರಿನ ಟಿಕ್ ಟಿಕ್ ಅವಳಿಗೂ ಕೇಳುತ್ತಿತ್ತು.

ಕೊನೆಗೆ ಮುಂದಿನ ಗಾಜಿನ ಪಕ್ಕ, ಡ್ರೈವರ್ ಕಡೆಯ ಕಂಬದ ಮೇಲ್ತುದಿ, ಬಿಸಿಲು ತಡೆಯುವ ಹಲಗೆಯ ಹತ್ತಿರ. ಬಾಯಿಗೆ ಸಮೀಪ, ಗಾಳಿಗೆ ದೂರ. ವೈರನ್ನು ಬಾಗಿಲ ರಬ್ಬರ್ ಬೀಡಿಂಗ್ ಒಳಗೆ ಬೆರಳಿನಿಂದ ಒತ್ತುತ್ತಾ ಕೆಳಗಿನವರೆಗೆ ತಂದೆ. ನಮ್ಮದರಲ್ಲಿ ಏರ್‌ಬ್ಯಾಗ್ ಇಲ್ಲ. ಆ ಕಂಬದಲ್ಲಿ ಏರ್‌ಬ್ಯಾಗ್ ಇರುವ ಗಾಡಿಯಾದರೆ ಅಲ್ಲಿ ಏನನ್ನೂ ತೂರಿಸಬೇಡಿ. ಡಬ್ಬಿಯಲ್ಲಿ ಬಂದ ಟೇಪ್ ನಮ್ಮ ಬಿಸಿಲಿಗೆ ಎರಡೇ ದಿನಕ್ಕೆ ಜಾರಿತು. ಈಗ ಸಣ್ಣ ಕ್ಲಿಪ್ ಹಾಕಿದ್ದೇನೆ.

ಗಾಜು ಏರಿಸಿ 60ರ ವೇಗದಲ್ಲಿ ಮತ್ತೆ ನೋಡಿದೆವು. ಹಾಡು ಹರಿಯುತ್ತಿತ್ತು, ಕರೆ ಬಂದ ಕೂಡಲೇ ತಾನೇ ನಿಂತಿತು. ಈ ಸಲ ಅವ್ವ ದನಿಯ ಬಗ್ಗೆ ಏನೂ ಹೇಳಲಿಲ್ಲ. ನೇರವಾಗಿ “ಬರುವಾಗ ಮೊಸರು ತಗೊಂಡ್ ಬಾ” ಅಂದಳು.

ಹಿಂದಿನ ಸ್ಪೀಕರ್ ಬದಲಿಸುವುದು ಬಾಕಿ ಇದೆ. ಅದಕ್ಕಿಂತ ಮೊದಲು ಬ್ಯಾಟರಿ ನೋಡಬೇಕು. ಸಂಜೆ ಅಪ್ಪ ಮನೆ ಮುಂದೆ ನಿಂತ ಗಾಡಿಯಲ್ಲೇ ಕೂತು ಧಾರವಾಡ ಕೇಳುತ್ತಾರೆ. ಅರ್ಧ ತಾಸಿನ ಮೇಲೆ ಬೇಡ ಅಂತ ಹೇಳಿದ್ದೇನೆ. ನಿನ್ನೆ ಚಾವಿ ಕೇಳಲು ಹೋದರೆ ವಾರ್ತೆ ಮುಗಿಯಲಿ ಅಂತ ಕೈ ಸನ್ನೆ ಮಾಡಿದರು.